ಹಣ್ಣು, ಪಾತ್ರೆ, ಬೆಳಕು: ವಸ್ತುಚಿತ್ರ ಮತ್ತು ನಮ್ಮ ಅಡುಗೆಮನೆ



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಹಣ್ಣುಗಳನ್ನೂ ಅಡುಗೆಮನೆಯ ದಿನಬಳಕೆಯ ವಸ್ತುಗಳನ್ನೂ ಬರೆಯುವ ಚಿತ್ರಕಲೆ. ಕಲಾಶಾಲೆಯ ಹುಡುಗರು ಇದನ್ನು ‘ಸ್ಟಿಲ್ ಲೈಫ್’ ಎನ್ನುತ್ತಾರೆ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ‘ವಸ್ತುಚಿತ್ರ’ ಎಂದು ಹೇಳಿಕೊಟ್ಟಿದ್ದಾರೆ. ಈ ಸಭೆಯಲ್ಲಿ ನಾನು ಮೇಷ್ಟ್ರ ಮಾತನ್ನೇ ಬಳಸುತ್ತೇನೆ.

ನನ್ನ ಮಾತನ್ನು ನಾಲ್ಕು ಭಾಗಗಳಲ್ಲಿ ಇಡುತ್ತೇನೆ. ಈ ಬಗೆಯ ಚಿತ್ರವನ್ನು ಬಹುಕಾಲ ಕೀಳೆಂದು ಎಣಿಸಿದ್ದೇಕೆ, ಆ ಎಣಿಕೆ ಹೇಗೆ ಬದಲಾಯಿತು ಎಂಬುದು ಮೊದಲನೆಯದು. ಕನ್ನಡ ನಾಡಿನಲ್ಲಿ ಹಣ್ಣು ಪಾತ್ರೆಗಳನ್ನು ಯಾರು, ಯಾವ ಕಾರಣಕ್ಕೆ ಬರೆದರು ಎಂಬುದು ಎರಡನೆಯದು. ಕನಕಪುರದ ಸುತ್ತಲಿನ ನಮ್ಮ ಸೀಮೆಯ ಮಾವು, ಒರಳು, ಹಿತ್ತಾಳೆ, ಮಡಕೆಗಳನ್ನು ಚಿತ್ರಕಾರನ ಕಣ್ಣಿನಿಂದ ನೋಡುವುದು ಮೂರನೆಯದು. ಕೊನೆಗೆ, ಈಗ ನಾವು ಮಾಡಬೇಕಾದ ಕೆಲಸವೇನು ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ.

ಒಟ್ಟು ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಪಾತ್ರೆಯನ್ನು ಶ್ರದ್ಧೆಯಿಂದ ನೋಡಿ ಬರೆದವರು, ಅದನ್ನು ಮಾಡಿದ, ಬೆಳಗಿದ, ಅದರಲ್ಲಿ ಬೇಯಿಸಿ ಬಡಿಸಿದ ಕೈಗಳಿಗೂ ಗೌರವ ಸಲ್ಲಿಸಿರುತ್ತಾರೆ. ನಮ್ಮ ಸೀಮೆಯಲ್ಲಿ ಆ ಗೌರವ ಇನ್ನೂ ಬಾಕಿ ಇದೆ.

ಮೊದಲನೆಯ ಭಾಗಕ್ಕೆ ಬರೋಣ.

ಹಣ್ಣುಗಳನ್ನು ಬರೆಯುವ ಆಸೆ ಬಹಳ ಹಳೆಯದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಹೂತುಹೋದ ಪಾಂಪೇ, ಹರ್ಕ್ಯುಲೇನಿಯಂ ಪಟ್ಟಣಗಳ ಗೋಡೆಗಳ ಮೇಲಿನ ಚಿತ್ರಗಳಲ್ಲಿ ಪೀಚ್ ಹಣ್ಣುಗಳೂ ನೀರು ತುಂಬಿದ ಗಾಜಿನ ಪಾತ್ರೆಯೂ ಇದ್ದವು. ಇಟಲಿಯ ಕಾರವಾಜ್ಜೊ 16ನೇ ಶತಮಾನದ ಕೊನೆಯ ವರ್ಷಗಳಲ್ಲಿ ಬರೆದ ಹಣ್ಣಿನ ಬುಟ್ಟಿಯ ಚಿತ್ರ ಮಿಲಾನ್ ನಗರದಲ್ಲಿದೆ. ಅದರಲ್ಲಿರುವ ಸೇಬಿಗೆ ಹುಳು ಕೊರೆದ ತೂತಿದೆ, ಎಲೆಗಳು ಒಣಗಿ ಮುದುಡಿವೆ. ಕಂಡದ್ದನ್ನು ಕಂಡ ಹಾಗೆಯೇ ಬರೆಯಬೇಕೆಂಬ ಹಟ ಆ ತೂತಿನಲ್ಲಿದೆ.

ಹೀಗಿದ್ದರೂ ಪಂಡಿತರು ಈ ಚಿತ್ರಗಳಿಗೆ ಕೆಳಗಿನ ಪಂಕ್ತಿಯನ್ನೇ ಕೊಟ್ಟರು. 1667ರಲ್ಲಿ ಫ್ರಾನ್ಸಿನ ರಾಜಾಶ್ರಯದ ಕಲಾ ಅಕಾಡೆಮಿಯ ಪರವಾಗಿ ಆಂದ್ರೆ ಫೆಲಿಬಿಯಾಂ ಎಂಬ ವಿದ್ವಾಂಸ ಚಿತ್ರಗಳಿಗೆ ಮೇಲುಕೀಳಿನ ಶ್ರೇಣಿಯನ್ನು ಬರೆದಿಟ್ಟ. ಪುರಾಣ ಮತ್ತು ಇತಿಹಾಸದ ಮಹಾಘಟನೆಗಳನ್ನು ಬರೆಯುವವನು ಮೇಲಿನವನು, ಹಣ್ಣು ಹೂ ಚಿಪ್ಪುಗಳನ್ನು ಬರೆಯುವವನು ಕೆಳಗಿನವನು. ದೇವರೂ ದೊರೆಗಳೂ ಇಲ್ಲದ ಚಿತ್ರದಲ್ಲಿ ವಿಚಾರವೇ ಇರಲಾರದು ಎಂಬ ನಂಬಿಕೆ ಈ ಶ್ರೇಣಿಯ ಹಿಂದಿತ್ತು.

ಕನ್ನಡಿಗರಾದ ನಮಗೆ ಈ ಪಂಕ್ತಿಭೇದದ ವಾದವೂ ಹೊಸದಲ್ಲ, ಅದಕ್ಕೆ ಸಿಕ್ಕ ಉತ್ತರವೂ ಹೊಸದಲ್ಲ. ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ನೆನೆಯಿರಿ. ಲಂಕೆಯಿಂದ ಮರಳುವ ರಾಮನ ಮುಂದೆ ಭತ್ತ ಮತ್ತು ರಾಗಿ ತಮ್ಮಲ್ಲಿ ಯಾರು ಶ್ರೇಷ್ಠರೆಂದು ಜಗಳಕ್ಕೆ ನಿಲ್ಲುತ್ತವೆ. ಭತ್ತಕ್ಕೆ ದೇವರ ನೈವೇದ್ಯದ, ಅರಸರ ಊಟದ ಹೆಮ್ಮೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ತಂದಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ. ಬಡವರ ಧಾನ್ಯಕ್ಕೆ ರಾಘವನ ಹೆಸರಿನ ಮನ್ನಣೆ ಸಿಗುತ್ತದೆ. ಹುಟ್ಟು ಮತ್ತು ಸ್ಥಾನಗಳ ಹೆಮ್ಮೆಯನ್ನು ಬದಿಗಿಟ್ಟು ಸತ್ವವನ್ನು ಪರೀಕ್ಷಿಸಬೇಕು ಎಂಬುದು ಕನಕದಾಸರ ತೀರ್ಪು. ಚಿತ್ರಕಲೆಯಲ್ಲಿ ವಸ್ತುಚಿತ್ರವೂ ಇಂಥದೇ ಪರೀಕ್ಷೆಯನ್ನು ಗೆದ್ದು ಬಂದಿದೆ.

ಗೆಲ್ಲಿಸಿಕೊಟ್ಟವರಲ್ಲಿ ಮೂವರನ್ನು ಮಾತ್ರ ಹೆಸರಿಸುತ್ತೇನೆ. 1728ರಲ್ಲಿ ಪ್ಯಾರಿಸ್ಸಿನ ಅದೇ ಅಕಾಡೆಮಿಗೆ ಸೇರಿದ ಶಾರ್ದಾನ್, ಅಡುಗೆಮನೆಯ ನೀರಿನ ತಾಮ್ರದ ಹಂಡೆಯನ್ನು ಚಿತ್ರದ ನಡುವೆ ನಿಲ್ಲಿಸಿದ. ಅದರ ಪಕ್ಕದಲ್ಲಿ ದೊರೆಯೂ ಇಲ್ಲ, ದೇವತೆಯೂ ಇಲ್ಲ. ಆದರೂ ನೋಡುವವರು ಅದರ ಮುಂದೆ ಗೌರವದಿಂದ ನಿಲ್ಲುತ್ತಾರೆ. 19ನೇ ಶತಮಾನದ ಕೊನೆಯಲ್ಲಿ ಸೆಜಾನ್ ಸೇಬುಗಳನ್ನು ಎಷ್ಟು ನಿಧಾನವಾಗಿ ಬರೆದನೆಂದರೆ, ಚಿತ್ರ ಮುಗಿಯುವ ಮೊದಲೇ ಹಣ್ಣು ಕೊಳೆಯುತ್ತಿತ್ತು. ಒಂದು ಮೇಜು, ಒಂದು ಬಟ್ಟೆ, ಕೆಲವು ಸೇಬು. ಇಷ್ಟರಲ್ಲೇ ಅವನು ಕಂಡುಕೊಂಡ ಆಕಾರದ ವಿಚಾರ 20ನೇ ಶತಮಾನದ ಚಿತ್ರಕಲೆಯ ದಿಕ್ಕನ್ನೇ ತಿರುಗಿಸಿತು.

ಮೂರನೆಯವರು ನಮ್ಮವರೇ ಆದ ಕೆ.ಎಚ್. ಆರಾ. 1914ರಲ್ಲಿ ಸಿಕಂದರಾಬಾದಿನ ಬಳಿಯ ಬೊಲಾರಂನಲ್ಲಿ ಹುಟ್ಟಿದ ಆರಾ ಬಾಲ್ಯದಲ್ಲೇ ಬೊಂಬಾಯಿಗೆ ಹೋಗಿ ಮನೆಗೆಲಸದ ಆಳಾಗಿ ದುಡಿದರು. 1947ರಲ್ಲಿ ‘ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್’ ಕಟ್ಟಿದವರಲ್ಲಿ ಅವರೂ ಒಬ್ಬರು. ಹೂದಾನಿ, ಹಣ್ಣು, ಹೂಜಿ, ಬಟ್ಟಲುಗಳ ಚಿತ್ರಗಳಿಗೆ ಅವರು ದೊಡ್ಡ ಹೆಸರು ಪಡೆದರು. ಒಂದು ಕಾಲಕ್ಕೆ ಇನ್ನೊಬ್ಬರ ಮನೆಯ ಸಾಮಾನನ್ನು ಒರೆಸಿಟ್ಟ ಕೈ ಅದೇ ಬಗೆಯ ಸಾಮಾನಿಗೆ ಕಲೆಯ ಸ್ಥಾನವನ್ನು ದೊರಕಿಸಿತು. ಇದು ಬಹಳ ದೊಡ್ಡ ಮಾತೆಂದು ನಾನು ತಿಳಿಯುತ್ತೇನೆ.

ಇದೇ ಭಾಗದಲ್ಲಿ ಇನ್ನೊಂದು ಸಂಗತಿ ಸೇರಬೇಕು. ಯುರೋಪಿನ ಕಲಾಶಾಲೆಗಳಲ್ಲಿ ಬೆತ್ತಲೆ ಮಾದರಿಯನ್ನು ನೋಡಿ ಮನುಷ್ಯನ ಮೈಕಟ್ಟು ಬರೆಯಲು ಹೆಂಗಸರಿಗೆ ಅವಕಾಶವಿರಲಿಲ್ಲ. ಹೀಗಾಗಿ ಮಹಾಘಟನೆಗಳ ಚಿತ್ರ ಅವರ ಪಾಲಿಗೆ ಮುಚ್ಚಿದ ಬಾಗಿಲಾಯಿತು. ಹಲವರು ತಮ್ಮ ಪ್ರತಿಭೆಯನ್ನು ವಸ್ತುಚಿತ್ರದಲ್ಲಿ ತೋರಿದರು. 17ನೇ ಶತಮಾನದ ಆರಂಭದಲ್ಲಿ ಕ್ಲಾರಾ ಪೀಟರ್ಸ್ ಎಂಬ ಕಲಾವಿದೆ ಊಟದ ಮೇಜನ್ನು ಬರೆಯುವಾಗ ಬೆಳ್ಳಿಯ ಚಾಕುವಿನ ಹಿಡಿಯ ಮೇಲೆ ತನ್ನ ಹೆಸರನ್ನು ಕೆತ್ತಿದಂತೆ ಬರೆದಳು. ಹೊಳೆಯುವ ಲೋಹದ ಪಾತ್ರೆಯಲ್ಲಿ ತನ್ನ ಪುಟ್ಟ ಪ್ರತಿಬಿಂಬವನ್ನೂ ಬರೆದಳು. ನಮ್ಮ ಮನೆಗಳ ಸ್ಟೀಲ್ ಪಾತ್ರೆಗಳ ಮೇಲೂ ಚುಕ್ಕೆಚುಕ್ಕೆಯಾಗಿ ಕೊರೆಸಿದ ಹೆಸರುಗಳಿವೆ. ಕೊಟ್ಟವರ ಹೆಸರು, ಪಡೆದವಳ ಹೆಸರು, ಮದುವೆಯ ತಾರೀಖು. ಸಹಿ ಹಾಕುವ ಅವಕಾಶ ಬೇರೆಲ್ಲೂ ಸಿಗದ ಎಷ್ಟೋ ಹೆಂಗಸರ ಹೆಸರು ಉಳಿದಿರುವುದು ಪಾತ್ರೆಯ ಅಂಚಿನಲ್ಲಿ. ಚಿತ್ರಕಾರರು ಆ ಚುಕ್ಕೆಗಳನ್ನು ಬಿಡದೆ ಬರೆಯಬೇಕು.

ಇನ್ನು ಎರಡನೆಯ ಭಾಗ: ಕನ್ನಡ ನಾಡಿನ ಪರಂಪರೆ.

ವಸ್ತುಗಳನ್ನು ಅರ್ಥವತ್ತಾಗಿ ಜೋಡಿಸುವ ಕಲೆ ನಮ್ಮಲ್ಲಿ ಚಿತ್ರಕ್ಕಿಂತ ಮೊದಲು ಪೂಜೆಯಲ್ಲಿ ಬೆಳೆಯಿತು. ತಂಬಿಗೆಯ ಬಾಯಿಗೆ ಮಾವಿನೆಲೆ, ಅದರ ಮೇಲೆ ತೆಂಗಿನಕಾಯಿ; ಹಿತ್ತಾಳೆಯ ಹಳದಿ, ಎಲೆಯ ಹಸಿರು, ಕುಂಕುಮದ ಕೆಂಪು. ಗೌರಿ ಹಬ್ಬದ ಬಾಗಿನವನ್ನು ನೋಡಿ. ಮೊರದಲ್ಲಿ ಧಾನ್ಯ, ಬೆಲ್ಲ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ ಒಂದಕ್ಕೊಂದು ಒತ್ತಿ ಕೂರುತ್ತವೆ. ಇದನ್ನು ಜೋಡಿಸುವ ಹೆಂಗಸರಿಗೆ ಬಣ್ಣ ಮತ್ತು ಆಕಾರಗಳ ಹೊಂದಾಣಿಕೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಹಣ್ಣನ್ನೇ ಮುಖ್ಯ ವಿಷಯವಾಗಿಟ್ಟುಕೊಂಡು ಕಾಗದದ ಮೇಲೆ ಬರೆದ ದೊಡ್ಡ ಕೆಲಸ ನಡೆದದ್ದು ಬೆಂಗಳೂರಿನ ಲಾಲ್‌ಬಾಗಿನಲ್ಲಿ. 1874ರಿಂದ 1908ರವರೆಗೆ ಅಲ್ಲಿ ಅಧಿಕಾರಿಯಾಗಿದ್ದ ಜಾನ್ ಕ್ಯಾಮರಾನ್, ಆಮೇಲೆ ಬಂದ ಜರ್ಮನಿಯ ಕ್ರುಂಬಿಗಲ್, ಇವರ ಕಾಲದಲ್ಲಿ ಚೆಲುವಯ್ಯ ರಾಜು ಎಂಬ ಕಲಾವಿದರು ಲಾಲ್‌ಬಾಗಿನ ಗಿಡ, ಹೂ, ಹಣ್ಣು, ತರಕಾರಿಗಳನ್ನು ಜಲವರ್ಣದಲ್ಲಿ ಬರೆದರು. ಇಂದು ನಮ್ಮ ಸಾರು ಪಲ್ಯಗಳಿಗೆ ಸಲ್ಲುವ ಸೀಮೆಬದನೆಯನ್ನು ಈ ಸೀಮೆಗೆ ತಂದವರು ಅದೇ ಕ್ಯಾಮರಾನ್. ಹೊರನಾಡಿನ ತಳಿಗಳು ಬಂದು ಬೇರೂರುತ್ತಿದ್ದ ಆ ದಿನಗಳಲ್ಲಿ ಫೋಟೊಗೆ ಬಣ್ಣ ಇರಲಿಲ್ಲ. ಕಾಯಿಯ ಬಣ್ಣ, ತೊಟ್ಟಿನ ತಿರುವು, ಸಿಪ್ಪೆಯ ಗುಳಿಗಳನ್ನು ದಾಖಲಿಸಲು ನುರಿತ ಕೈಯೇ ಬೇಕಿತ್ತು. ವಿಜ್ಞಾನಕ್ಕಾಗಿ ಮಾಡಿದ ಕೆಲಸವಾದರೂ ಅದರ ಹಿಂದಿನ ತಾಳ್ಮೆ ಕಲಾವಿದನದೇ.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಜನ ಮುಗಿಬಿದ್ದು ನೋಡುವ ದೀಪ ಹಿಡಿದ ಹೆಣ್ಣಿನ ಚಿತ್ರ ನಿಮಗೆಲ್ಲ ಗೊತ್ತು. ಅನೇಕರು ಅದನ್ನು ರವಿವರ್ಮನದೆಂದು ತಿಳಿದಿದ್ದಾರೆ, ಬರೆದವರು ಎಸ್.ಎಲ್. ಹಳದಣಕರ್, 1940ರ ದಶಕದಲ್ಲಿ, ಅದೂ ಜಲವರ್ಣದಲ್ಲಿ. ಅದು ವಸ್ತುಚಿತ್ರವಲ್ಲ, ವ್ಯಕ್ತಿಚಿತ್ರ. ಆದರೆ ಅದರ ಜೀವಾಳ ಮನೆಬಳಕೆಯ ಒಂದು ದೀಪ. ಬೆರಳುಗಳ ಸಂದಿಯಲ್ಲಿ ಕೆಂಪಾಗಿ ಹಾಯುವ ಬೆಳಕನ್ನು ತೆಗೆದುಬಿಟ್ಟರೆ ಆ ಚಿತ್ರ ನಿಲ್ಲುವುದಿಲ್ಲ. ಒಂದು ಸಣ್ಣ ವಸ್ತು ಇಡೀ ಚಿತ್ರವನ್ನು ಆಳಬಲ್ಲದು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಶಾಲೆಗಳ ಪಾತ್ರವನ್ನೂ ಇಲ್ಲಿ ನೆನೆಯಬೇಕು. 1919ರಲ್ಲಿ ಅ.ನ. ಸುಬ್ಬರಾಯರು ಬೆಂಗಳೂರಿನಲ್ಲಿ ‘ಕಲಾಮಂದಿರ’ವನ್ನು ಆರಂಭಿಸಿದರು. ಮುಂದೆ ಲೋವರ್ ಮತ್ತು ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳ ಮೂಲಕ ವಸ್ತುಚಿತ್ರ ಹಳ್ಳಿಯ ಮಕ್ಕಳವರೆಗೂ ತಲುಪಿತು. ಸ್ಟೂಲಿನ ಮೇಲೆ ಒಂದು ತಂಬಿಗೆ, ಪಕ್ಕದಲ್ಲಿ ಒಂದು ಹಣ್ಣು, ಹಿಂದೆ ಒಂದು ಬಟ್ಟೆ. ಇಷ್ಟು ಸರಳವಾಗಿ ಕಾಣುವ ಜೋಡಣೆಯಲ್ಲಿ ಎಂಥ ಪಾಠವಿದೆ ನೋಡಿ. ತಂಬಿಗೆಯ ಬಾಯಿ ವೃತ್ತವೆಂದು ಮಗುವಿಗೆ ಗೊತ್ತು; ಆದರೆ ಕೂತಲ್ಲಿಂದ ಅದು ಮೊಟ್ಟೆಯಾಕಾರವಾಗಿ ಕಾಣುತ್ತದೆ. ಕಣ್ಣಿನ ಮಟ್ಟಕ್ಕೆ ಹತ್ತಿರವಿರುವ ಬಾಯಿ ಚಪ್ಪಟೆ, ಅದಕ್ಕಿಂತ ಕೆಳಗಿರುವ ತಳದ ಅಂಚು ಹೆಚ್ಚು ದುಂಡು. ಹೊಸದಾಗಿ ಕಲಿಯುವವರು ತಳವನ್ನು ನೇರ ಗೆರೆಯಾಗಿ ಎಳೆದುಬಿಡುತ್ತಾರೆ, ಏಕೆಂದರೆ ಪಾತ್ರೆ ನೆಲದ ಮೇಲೆ ಸಮನಾಗಿ ಕೂತಿದೆ ಎಂಬ ತಿಳಿವಳಿಕೆ ಅವರ ಕಣ್ಣನ್ನು ತಡೆಯುತ್ತದೆ. ತಿಳಿದದ್ದಕ್ಕೂ ಕಂಡದ್ದಕ್ಕೂ ನಡುವಿನ ಅಂತರವನ್ನು ಗುರುತಿಸುವುದು ಚಿತ್ರಕಲೆಗಷ್ಟೇ ಅಲ್ಲ, ಬದುಕಿನ ಎಲ್ಲ ವಿವೇಚನೆಗೂ ಬೇಕಾದ ಶಿಕ್ಷಣ. ಒಂದು ತಂಬಿಗೆ ಅದನ್ನು ಕಲಿಸುತ್ತದೆ.

ಈಗ ಮೂರನೆಯ ಭಾಗಕ್ಕೆ, ಅಂದರೆ ನಮ್ಮ ಮನೆಗಳ ಒಳಗೇ ಹೋಗೋಣ. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿಗಳ ಅಡುಗೆಮನೆಗಳಲ್ಲಿ ಚಿತ್ರಕಾರನಿಗೆ ಏನು ಸಿಗುತ್ತದೆ?

ಮೊದಲು ಮಾವು. ನಮ್ಮ ತೋಟಗಳ ಹಣ್ಣು ಕೋಲಾರ ಸೀಮೆಯದಕ್ಕಿಂತ ಮುಂಚೆ ಬೆಂಗಳೂರಿನ ಮಾರುಕಟ್ಟೆಗೆ ಇಳಿಯುತ್ತದೆ. ಬಾದಾಮಿ, ರಸಪುರಿ, ಸೇಂದೂರ, ತೋತಾಪುರಿ. ಈ ನಾಲ್ಕನ್ನು ಒಂದು ತಟ್ಟೆಯಲ್ಲಿಟ್ಟರೆ ನಾಲ್ಕು ಬೇರೆ ಸಮಸ್ಯೆಗಳು ಎದುರಾಗುತ್ತವೆ. ತೋತಾಪುರಿಗೆ ಗಿಣಿಮೂತಿಯ ಚೂಪು. ಸೇಂದೂರದ ಭುಜದ ಮೇಲೆ ಕೆಂಪು ಹರಡಿ, ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ ಹಳದಿಯಲ್ಲಿ ಕರಗುತ್ತದೆ. ಆಗತಾನೆ ಕಿತ್ತ ಕಾಯಿಯ ಮೇಲೆ ಮೇಣದಂಥ ತೆಳು ಮಬ್ಬಿದ್ದು, ಬೆಳಕು ಅಲ್ಲಿ ಹೊಳೆಯದೆ ಮೆತ್ತಗೆ ನಿಲ್ಲುತ್ತದೆ. ಇನ್ನು ತೊಟ್ಟಿನ ಬಳಿಯ ಕಪ್ಪು ಗೆರೆ. ತೊಟ್ಟು ಮುರಿದಾಗ ಹರಿಯುವ ಸೊನೆ ಸಿಪ್ಪೆಯನ್ನು ಸುಟ್ಟು ಕಲೆ ಮಾಡುತ್ತದೆ. ಆ ಕಲೆಯಿಂದ ರೈತನ ಹಣ್ಣಿಗೆ ಬೆಲೆ ಇಳಿಯುತ್ತದೆ. ಅದಕ್ಕೇ ಅನುಭವಸ್ಥರು ಉದ್ದ ತೊಟ್ಟು ಉಳಿಸಿ ಕೀಳುತ್ತಾರೆ. ಸೊನೆಯ ಕಲೆಯನ್ನು ಅಳಿಸಿ ‘ಚೆಂದದ’ ಮಾವು ಬರೆಯುವವರು ಕ್ಯಾಲೆಂಡರಿನ ಹಣ್ಣನ್ನು ಬರೆಯುತ್ತಾರೆ. ಕಲೆಯನ್ನು ಉಳಿಸಿ ಬರೆದರೆ ಚಿತ್ರದಲ್ಲಿ ಕೊಯ್ಲಿನ ಕಥೆಯೂ ಸೇರುತ್ತದೆ. ಕಾರವಾಜ್ಜೊನ ಸೇಬಿನ ತೂತಿಗೆ ಇರುವ ಬೆಲೆಯೇ ಇದಕ್ಕೂ ಇದೆ.

ಎರಡನೆಯದು ಕಲ್ಲು. ಈ ಸೀಮೆಯ ಬಂಡೆಗಳನ್ನು ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಆ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಗಟ್ಟಿ ಶಿಲೆಯೇ ನಮ್ಮ ಹಿರಿಯರ ಒರಳು, ಗುಂಡುಕಲ್ಲು, ರಾಗಿ ಬೀಸುವ ಕಲ್ಲುಗಳಾಯಿತು. ದೂರದಿಂದ ಬೂದು, ಹತ್ತಿರ ಹೋದರೆ ಅದರಲ್ಲಿ ತಿಳಿಗುಲಾಬಿ, ಬಿಳಿ, ಕಪ್ಪು ಹರಳುಗಳು. ಒರಳಿನ ಹೊರಮೈ ಉಳಿಪೆಟ್ಟಿನಿಂದ ಒರಟು, ಒಳಗುಳಿ ತಲೆಮಾರುಗಳ ರುಬ್ಬುವಿಕೆಯಿಂದ ನುಣುಪು. ಆ ನುಣುಪನ್ನು ತಂದದ್ದು ಹೆಂಗಸರ ತೋಳು. ಕುಂಚದ ಒಂದೇ ಹಾಯಿಸುವಿಕೆಯಲ್ಲಿ ಒರಟಿನಿಂದ ನುಣುಪಿಗೆ ದಾಟುವ ಚಿತ್ರಕಾರ ಆ ದುಡಿಮೆಯನ್ನೇ ಬರೆಯುತ್ತಿರುತ್ತಾನೆ.

ಮೂರನೆಯದು ಹಿತ್ತಾಳೆ ತಾಮ್ರ. ಹುಣಸೆಹಣ್ಣು, ಮಜ್ಜಿಗೆಯಂಥ ಹುಳಿ ತಗುಲಿದರೆ ಈ ಲೋಹಗಳು ಕಿಲುಬು ಬಿಟ್ಟು ಅಡುಗೆಯನ್ನು ಕೆಡಿಸುತ್ತವೆ. ಅದಕ್ಕಾಗಿ ಕಲಾಯಿಯವರು ಬೀದಿಯಲ್ಲೇ ತಿದಿಯೊತ್ತಿ ಪಾತ್ರೆಯನ್ನು ಕಾಯಿಸಿ, ನವಸಾಗರ ಉಜ್ಜಿ, ತವರವನ್ನು ಕರಗಿಸಿ ಒಳಗೆಲ್ಲ ಬಳಿಯುತ್ತಿದ್ದರು. ಹೀಗಾಗಿ ಒಂದೇ ಪಾತ್ರೆಗೆ ಎರಡು ಬೆಳಕು: ಹೊರಗೆ ಬೆಚ್ಚನೆಯ ಹಳದಿ, ಒಳಗೆ ತಣ್ಣನೆಯ ಬೆಳ್ಳಿ. ಇವೆರಡೂ ಕಂಠದ ಅಂಚಿನಲ್ಲಿ ಸೇರುವ ಕೂದಲೆಳೆಯಷ್ಟು ಜಾಗವನ್ನು ಬರೆಯುವುದು ಜಲವರ್ಣಕಾರನಿಗೆ ನಿಜವಾದ ಸವಾಲು.

ಮಣ್ಣಿನ ಪಾತ್ರೆಯ ವಿಷಯವೂ ಇದೆ. ನೀರಿನ ಮಡಕೆ ಬೆವರುತ್ತದೆ. ಸೂಕ್ಷ್ಮ ರಂಧ್ರಗಳಿಂದ ನೀರು ಹೊರಬಂದು ಆರುವಾಗ ಒಳಗಿನ ನೀರು ತಂಪಾಗುತ್ತದೆ. ಆದ್ದರಿಂದ ನೀರಿರುವ ಮಟ್ಟದವರೆಗೆ ಮಡಕೆಯ ಬಣ್ಣ ಕಡು, ಮೇಲೆ ತಿಳಿ. ಬಣ್ಣದ ಈ ಗಡಿಯನ್ನು ಗಮನಿಸಿ ಬರೆದರೆ, ಮಡಕೆಯ ಒಳಗಿನ ನೀರನ್ನು ತೋರಿಸದೆಯೇ ತೋರಿಸಬಹುದು. ಒಲೆಯ ಮೇಲಿನ ಮಡಕೆಯ ಮಸಿ, ಮುದ್ದೆಕೋಲಿನ ತುದಿಯ ಸವೆತ, ಸಂದಿ ಮುಚ್ಚಲು ಸಾರಿಸಿದ ಬಿದಿರಿನ ಮೊರ, ಈಳಿಗೆಮಣೆಯ ಅಲಗಿನ ಹೊಳಪು, ಹೀಗೆ ಎಷ್ಟನ್ನಾದರೂ ಸೇರಿಸಬಹುದು. ಪ್ರೆಷರ್ ಕುಕ್ಕರನ್ನೂ ಸ್ಟೀಲ್ ಡಬ್ಬಿಯನ್ನೂ ಹೊರಗಿಡಬೇಡಿ. ಅವೂ ನಮ್ಮ ಕಾಲದ ತಾಯಂದಿರ ಕೈಸೇರಿದ ವಸ್ತುಗಳೇ. ಅವುಗಳ ಬಾಗಿದ ಮೈಯಲ್ಲಿ ಕಿಟಕಿ, ದೀಪ, ಬರೆಯುತ್ತಿರುವವರ ಮುಖ ಎಲ್ಲವೂ ಮೂಡುತ್ತವೆ.

ಕೊನೆಯ ಭಾಗಕ್ಕೆ ಬಂದಿದ್ದೇನೆ. ಈ ವಸ್ತುಗಳನ್ನು ಇದುವರೆಗೆ ಯಾರು ಕಾಪಾಡಿದರು, ಮುಂದೆ ಯಾರು ಬರೆಯಬೇಕು?

ಚನ್ನಪಟ್ಟಣದ ಬಣ್ಣದ ಗೊಂಬೆ ಕೆಲಸಗಾರರನ್ನು ಮೊದಲು ನೆನೆಯುತ್ತೇನೆ. ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಬಣ್ಣವಾಗಿ ಅಂಟುತ್ತದೆ. ತಾಳೆಗರಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಕಲೆಯಲ್ಲಿ ಮಕ್ಕಳ ಅಡುಗೆ ಆಟದ ಸಾಮಾನುಗಳೂ ಇವೆ: ಬೆರಳುದ್ದದ ಬಿಂದಿಗೆ, ಒರಳು, ತಟ್ಟೆ. ಅಡುಗೆಮನೆಯ ಆಕಾರಗಳನ್ನು ಸರಳಗೊಳಿಸಿ ತಿರುಳನ್ನಷ್ಟೇ ಉಳಿಸುವ ಜಾಣ್ಮೆ ಈ ಕೈಗಳಿಗಿದೆ. ನಮ್ಮ ಚಿತ್ರಕಲಾ ವಿದ್ಯಾರ್ಥಿಗಳು ಅಲ್ಲಿ ಕೂತು ಕಲಿಯಬೇಕಾದದ್ದು ಬಹಳಷ್ಟಿದೆ.

ಎರಡನೆಯವರು ಎಚ್.ಎಲ್. ನಾಗೇಗೌಡರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ನಾಡಿಗೆ ಕೊಟ್ಟರು. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಅಡುಗೆಯ, ಅಳತೆಯ, ಕಾಳು ತುಂಬಿಡುವ ಹಳೆಯ ಸಾಧನಗಳು ಸಾಲಾಗಿ ನಿಂತಿವೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ರೂಪಿಸಲು ದುಡಿದ ಪಿ.ಆರ್. ತಿಪ್ಪೇಸ್ವಾಮಿಯವರನ್ನೂ ಇಲ್ಲಿ ಸ್ಮರಿಸಬೇಕು. ಅವರು ಮೂಲತಃ ಚಿತ್ರಕಲಾವಿದರು. ಬಣ್ಣ ಬೆಳಕುಗಳಲ್ಲಿ ಪಳಗಿದ ಕಣ್ಣು ಹಳ್ಳಿಯ ಮನೆಗಳಲ್ಲಿ ಮೂಲೆಗೆ ಬಿದ್ದ ವಸ್ತುವಿನ ಬೆಲೆಯನ್ನು ಕಂಡಿತು. ವಸ್ತುವನ್ನು ಬರೆಯುವ ಶ್ರದ್ಧೆ ಮತ್ತು ವಸ್ತುವನ್ನು ಕಾಯುವ ಶ್ರದ್ಧೆ ಒಂದೇ ಬೇರಿನವು ಎಂದು ನಾನು ಹೇಳುವುದು ಇಂಥವರನ್ನು ಕಂಡು.

ಕನಕಪುರದ ರಸ್ತೆಗೆ ಇನ್ನೂ ಒಂದು ಭಾಗ್ಯವಿತ್ತು. ಇದೇ ರಸ್ತೆಯ ತಾತಗುಣಿಯ ತೋಟದಲ್ಲಿ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ಪತ್ನಿ, ಚಿತ್ರನಟಿ ದೇವಿಕಾರಾಣಿ ದಶಕಗಳ ಕಾಲ ಬಾಳಿದರು. ಭಾವಚಿತ್ರಗಳಿಗೆ, ಹಿಮಾಲಯದ ದೃಶ್ಯಗಳಿಗೆ ಹೆಸರಾದ ರೋರಿಕ್ 1993ರಲ್ಲಿ ತೀರಿಕೊಂಡರು; ಅವರ ಕೃತಿಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿವೆ. ಕಲೆಯ ಊರಿಗೆ ನಾವು ಇಷ್ಟು ಹತ್ತಿರ ಇದ್ದೇವೆ. ವಸ್ತುಗಳ ಸಿರಿಯೂ ನಮ್ಮಲ್ಲಿದೆ. ಆದರೂ ನಮ್ಮ ಅಡುಗೆಮನೆಯ ಚಿತ್ರಸಂಪುಟವೊಂದು ಇನ್ನೂ ನಮ್ಮ ಕೈಯಲ್ಲಿ ಇಲ್ಲ.

ಸಂಗ್ರಹಾಲಯ ವಸ್ತುವನ್ನು ಉಳಿಸುತ್ತದೆ. ಫೋಟೊ ಅದರ ರೂಪವನ್ನು ಕ್ಷಣದಲ್ಲಿ ಹಿಡಿಯುತ್ತದೆ. ಚಿತ್ರ ಬರೆಯುವವರು ಮಾತ್ರ ಆ ವಸ್ತುವಿನ ಎದುರು ಗಂಟೆಗಟ್ಟಲೆ ಕೂರಬೇಕಾಗುತ್ತದೆ. ಕೂತಾಗ ಮನೆಯ ಅಜ್ಜಿ ಪಕ್ಕಕ್ಕೆ ಬರುತ್ತಾಳೆ. ಆ ಒರಳನ್ನು ಯಾರು ಕಡೆದರು, ಆ ಕೊಳಗ ಯಾರ ತವರಿನದು, ಬರದ ವರ್ಷ ಅದರಲ್ಲಿ ಎಷ್ಟು ರಾಗಿ ಉಳಿದಿತ್ತು ಎಂದು ಹೇಳುತ್ತಾಳೆ. ಈ ಮಾತುಗಳು ಹೊರಬರಲು ಬೇಕಾದ ಬಿಡುವನ್ನು ಚಿತ್ರಕಲೆ ಒದಗಿಸುತ್ತದೆ. ಬಳಸಿದ ಕೈಗಳು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.

ಆದ್ದರಿಂದ ಈ ಸಭೆಯಲ್ಲಿರುವ ಚಿತ್ರಕಲಾ ಶಿಕ್ಷಕರಲ್ಲಿ ನನ್ನದು ಸ್ಪಷ್ಟ ವಿನಂತಿ. ಪ್ರತಿ ವರ್ಷ ಒಂದು ತರಗತಿಯ ಮಕ್ಕಳು ತಮ್ಮ ಮನೆಯ ಒಂದು ವಸ್ತುವನ್ನು, ಕಿಟಕಿಯ ಬೆಳಕಿನಲ್ಲಿ, ನೋಡಿಕೊಂಡೇ ಬರೆಯಲಿ. ಚಿತ್ರದ ಕೆಳಗೆ ಆ ವಸ್ತುವಿನ ಹೆಸರನ್ನು ಮನೆಯವರು ಹೇಳುವ ಮಾತಿನಲ್ಲೇ ಬರೆಯಲಿ. ಬಳಸಿದವರ ಒಪ್ಪಿಗೆ ಪಡೆದು ಅವರ ಹೆಸರನ್ನೂ ಊರನ್ನೂ ಸೇರಿಸಲಿ. ಗ್ರಂಥಾಲಯಗಳು ಆ ಹಾಳೆಗಳಿಗೆ ಒಂದು ಕಪಾಟು ಕೊಡಲಿ. ಇದಕ್ಕೆ ದುಬಾರಿ ಸಾಮಗ್ರಿ ಬೇಡ, ದೂರದ ಪ್ರಯಾಣ ಬೇಡ. ಒಂದು ಪೆನ್ಸಿಲ್, ಒಂದು ಬಣ್ಣದ ಪೆಟ್ಟಿಗೆ, ಒಂದು ಮಧ್ಯಾಹ್ನ ಸಾಕು. ಹತ್ತು ವರ್ಷ ನಡೆದರೆ ಈ ನಾಲ್ಕು ತಾಲ್ಲೂಕುಗಳ ಅಡುಗೆಮನೆಯ ಚರಿತ್ರೆ ನಮ್ಮ ಮಕ್ಕಳ ಕೈಯಿಂದಲೇ ತಯಾರಾಗುತ್ತದೆ. ಮಹಾಘಟನೆಗಳ ಚರಿತ್ರೆಯನ್ನು ಬರೆಯುವವರು ಬೇಕಾದಷ್ಟು ಜನರಿದ್ದಾರೆ. ನಮಗೆ ಅನ್ನವಿಟ್ಟ ವಸ್ತುಗಳ ಚರಿತ್ರೆಯನ್ನು ಬರೆಯುವ ಹೊಣೆ ನಮ್ಮದು.